ನೂರಕ್ಕೆ ಐದು

"ಮೇಸ್ತ್ರೀ, ರಿಪೇರಿ ನಿಂದು, ಮನೆ ನಂದು. ನೀನು ಇರೋವರೆಗೆ ಬಾಡಿಗೆ ನೂರಕ್ಕೆ ಐದರ ಮೇಲೆ ಒಂದು ಕಾಸೂ ಏರಿಸಲ್ಲ. ಇದು ನನ್ನ ಮಾತು."

ಹದಿನೆಂಟು ವರ್ಷದ ಹಿಂದೆ ಮನೆ ಯಜಮಾನರು ಹೀಗೆ ಹೇಳಿದ್ದು ಮೂರನೇ ಮಹಡಿಯ ಬಚ್ಚಲಿನಲ್ಲಿ ನಿಂತುಕೊಂಡು. ಆಗ ಅದನ್ನು ಬಚ್ಚಲು ಎನ್ನುವುದಕ್ಕೇ ಧೈರ್ಯ ಬೇಕಿತ್ತು. ಒಂದು ಬಕೆಟ್ ನೀರು ಸುರಿದರೆ ಅರ್ಧ ಮೋರಿಗೆ, ಇನ್ನರ್ಧ ಕೆಳಗಿನ ಮನೆಯವರ ತಲೆಗೆ. ಟೈಲ್ಸ್ ಮೇಸ್ತ್ರಿ ಹೆಂಡತಿ, ಮಗ, ಹೊಸ ಸೊಸೆಯ ಜೊತೆ ಆ ಮನೆಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಯಾರನ್ನೂ ಕೇಳದೆ ತಾವೇ ನೆಲ ಒಡೆದು, ಪೈಪು ಬದಲಿಸಿ, ನೀರು ಹರಿಯುವಂತೆ ಮೋರಿಯ ಕಡೆಗೆ ವಾಟ ಕೊಟ್ಟು, ಹೊಸ ಟೈಲ್ಸ್ ಕೂರಿಸಿದ್ದರು. ನೋಡಲು ಬಂದ ಯಜಮಾನರು ಗೋಡೆಯ ಮೇಲೆ ಕೈಯಾಡಿಸಿದರು, ಮೇಸ್ತ್ರಿಯ ಸಿಮೆಂಟು ಮೆತ್ತಿದ ಕೈಯನ್ನು ಹಾಗೇ ಹಿಡಿದು ಕುಲುಕಿದರು, ಆ ಮಾತು ಕೊಟ್ಟರು.

"ಅದನ್ನೇ ಕರಾರು ಪತ್ರದಲ್ಲಿ ಬರೆಸ್ಕೊಳ್ರೀ" ಎಂದಿದ್ದರು ಮೇಸ್ತ್ರಿಯ ಹೆಂಡತಿ, ಯಜಮಾನರು ಮೆಟ್ಟಿಲಿಳಿದ ಮೇಲೆ.

"ಕೈ ಹಿಡ್ಕೊಂಡು ಮಾತು ಕೊಟ್ಟವರ ಹತ್ರ ಸಹಿ ಕೇಳೋದಾ? ಮುಖದ ಮೇಲೆ ಉಗಿದ ಹಾಗಾಗುತ್ತೆ ಕಣೇ."

ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಾತು ಮಾತ್ರ ನಡೆದುಕೊಂಡು ಬಂದಿತ್ತು. ಮೂರು ವರ್ಷಕ್ಕೊಮ್ಮೆ ಹೊಸ ಕರಾರು, ನೂರಕ್ಕೆ ಐದು ಏರಿಕೆ, ಒಂದು ಲೋಟ ಚಹಾ. ಐದು ಸಲ ಹಾಗೇ ಆಯಿತು. ಅಷ್ಟರಲ್ಲಿ ಮೇಸ್ತ್ರಿ ಅಡುಗೆಮನೆಯ ಕಟ್ಟೆ ಬದಲಿಸಿದರು, ಗೋಡೆಗೆ ಎದೆಮಟ್ಟ ಟೈಲ್ಸ್ ಹಾಕಿದರು, ಗೂಡು ಕೊರೆದು ಕಪಾಟು ಮಾಡಿದರು, ಕಿಟಕಿಯ ಕೆಳಗೆ ಮೊಮ್ಮಗಳು ಕೂತು ಓದಲಿ ಎಂದು ನುಣುಪು ಕಲ್ಲಿನ ಜಗುಲಿ ಕಟ್ಟಿದರು. ಬೇರೆಯವರ ಮನೆಗಳಲ್ಲಿ ಮಿಕ್ಕಿದ ಟೈಲ್ಸನ್ನೇ ಕೇಳಿ ತಂದು ಹೊಂದಿಸುತ್ತಿದ್ದರು. ಹಾಗಾಗಿ ಆ ಅಡುಗೆಮನೆಯಲ್ಲಿ ಹನ್ನೊಂದು ಮನೆಗಳ ಟೈಲ್ಸ್ ಇದ್ದವು. ನೋಡಿದವರಿಗೆ ಬೇಕೆಂದೇ ಮಾಡಿಸಿದ ಚಿತ್ತಾರದಂತೆ ಕಾಣುತ್ತಿತ್ತು.

ಈಗ ಮೇಸ್ತ್ರಿಗೆ ಎಪ್ಪತ್ತೊಂದು. ಮಂಡಿ ಎರಡೂ ಸವೆದು ಕೆಲಸ ಬಿಟ್ಟು ಆರು ವರ್ಷ. ಮಗ ಸಿಟಿ ಬಸ್ಸಿನ ಡ್ರೈವರ್. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗ್ಗೆ ಆರರಿಂದ ಎರಡರವರೆಗೆ ನಿಂತೇ ಕೆಲಸ ಮಾಡುವವಳು. ವಾರ್ಡುಗಳಿಂದ ಬಂದ ಹಾಸು ಹೊದಿಕೆಗಳನ್ನು ಕಲೆ ನೋಡಿ ಬೇರೆ ಮಾಡುವುದು ಅವಳ ಪಾಲಿನ ಕೆಲಸ. ಮನೆಯಿಂದ ಆಸ್ಪತ್ರೆಗೆ ನಡೆದರೆ ಹನ್ನೆರಡು ನಿಮಿಷ. ಮೊಮ್ಮಗಳಿಗೆ ಹದಿನೇಳು. ಬಾಯಿ ಚುರುಕೆಂದು ಎಲ್ಲರೂ ಅವಳನ್ನು ಚೂಟಿ ಎನ್ನುತ್ತಿದ್ದರು.

ಆರನೆಯ ಕರಾರಿಗೆ ಮೂರು ತಿಂಗಳಿರುವಾಗ, ಒಂದು ಮಂಗಳವಾರ, ಮೇಸ್ತ್ರಿ ಒಬ್ಬರೇ ಮನೆಯಲ್ಲಿದ್ದಾಗ ಯಾರೋ ಬಂದು ಹೋದರು. ಸಂಜೆ ಊಟಕ್ಕೆ ಕೂತಾಗ ಮೇಸ್ತ್ರಿಯ ಮುಖ ಅರಳಿಕೊಂಡಿತ್ತು.

"ಕೊರಳಿಗೆ ಗುರುತಿನ ಚೀಟಿ ಹಾಕ್ಕೊಂಡಿದ್ದ. ಯಜಮಾನರ ಮಗಳು ಕಳಿಸಿದ್ದಂತೆ. ಈಗ ಬಿಲ್ಡಿಂಗ್ ಎಲ್ಲಾ ಅವರೇ ನೋಡ್ಕೊಳ್ಳೋದು. ಎಲ್ಲಾ ಕಡೆ ಫೋಟೋ ಹೊಡ್ಕೊಂಡ. ನಾನೂ ಎಲ್ಲಾ ತೋರಿಸ್ದೆ."

"ಏನ್ ತೋರಿಸಿದ್ರಿ ಮಾವ?" ಎಂದಳು ಸೊಸೆ, ಅನ್ನದ ಸೌಟು ಹಿಡಿದುಕೊಂಡೇ.

"ಎಲ್ಲಾನೂ. ಕಟ್ಟೆ ಅಂಚು ಹೇಗೆ ಉರುಟು ಮಾಡಿದೀನಿ, ಗೂಡು ಹೇಗೆ ಕೊರೆದೆ... ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದೇ ತೋರಿಸ್ದೆ. ಒಂದು ಹನಿ ನಿಲ್ಲಲಿಲ್ಲ! ಅವನು 'ಅಯ್ಯೋ, ಹೊಸ ಮನೆ ಥರಾನೇ ಇದೆಯಲ್ಲ ತಾತ' ಅಂದ."

"ಹೊಗಳಿಸ್ಕೊಂಡು ಹೊಟ್ಟೆ ತುಂಬಿದೆ ತಾತಂಗೆ, ಅನ್ನ ಕಮ್ಮಿ ಹಾಕಮ್ಮ" ಎಂದಳು ಚೂಟಿ. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಆದರೆ ಸೌಟು ಪಾತ್ರೆಗೆ ಇಳಿಯಲು ಒಂದು ಕ್ಷಣ ತಡವಾಯಿತು.

ಹನ್ನೊಂದನೆಯ ದಿನ ಕಾಗದ ಬಂತು. ಓದಿದವಳು ಚೂಟಿ.

"'ಸದರಿ ಮನೆಯ ಅಡುಗೆಮನೆ ಮತ್ತು ಸ್ನಾನಗೃಹಗಳು ಉತ್ತಮ ದರ್ಜೆಯಲ್ಲಿ ನವೀಕರಣಗೊಂಡಿರುವುದನ್ನು ಪರಿಗಣಿಸಿ, ಮುಂದಿನ ಅವಧಿಗೆ ಬಾಡಿಗೆಯನ್ನು ಮಾರುಕಟ್ಟೆ ದರಕ್ಕೆ ಅನುಗುಣವಾಗಿ...' ಮೂವತ್ತೆಂಟು ಅಪ್ಪ."

"ಏನು ಮೂವತ್ತೆಂಟು?"

"ನೂರಕ್ಕೆ ಮೂವತ್ತೆಂಟು. ಒಪ್ಪಿಗೆ ಇಲ್ಲ ಅಂದ್ರೆ ಅರವತ್ತು ದಿನದೊಳಗೆ ಮನೆ ಬಿಡಬೇಕಂತೆ."

ಸಮವಸ್ತ್ರದ ಅಂಗಿಯ ಗುಂಡಿ ಬಿಚ್ಚುತ್ತಿದ್ದ ಡ್ರೈವರ್ ಅಲ್ಲಿಗೇ ನಿಲ್ಲಿಸಿದ. "ನವೀಕರಣ ಮಾಡ್ಸಿದ್ದು ಯಾರು?"

ಚೂಟಿ ಕಾಗದ ಮಡಿಚಿದಳು.

"ಅಲ್ಲ, ಕೇಳ್ತಿದೀನಿ. ಯಾರು ಮಾಡ್ಸಿದ್ದು? ನಮ್ಮ ಟೈಲ್ಸು, ನಮ್ಮ ಸಿಮೆಂಟು, ನಮ್ಮಪ್ಪನ ಮಂಡಿ. ಅದಕ್ಕೆ ಬಾಡಿಗೆ ನಾವೇ ಕೊಡಬೇಕಾ?"

"ಏನೋ ತಪ್ಪಾಗಿರಬೇಕು" ಎಂದರು ಮೇಸ್ತ್ರಿ. "ಯಜಮಾನರ ಮಗಳು, ಆ ಮಗೂಗೆ ಗೊತ್ತಿಲ್ಲ. ಯಜಮಾನರಿಗೆ ಹೇಳಿದ್ರೆ ಆಯ್ತು."

"ಮಗು! ಐವತ್ತು ವರ್ಷದ ಮಗು! ಅವರಿಗೆ ಗೊತ್ತಾಗಿದ್ದೇ ನಿಮ್ಮಿಂದ ಅಪ್ಪ. ಬಕೆಟ್ಟಲ್ಲಿ ನೀರು ಬೇರೆ ಸುರಿದು ತೋರ್ಸಿದೀರ!"

"ಸೋರೋ ಮನೆ ಅಂತ ಸುಳ್ಳು ಹೇಳ್ಬೇಕಿತ್ತೇನೋ?"

"ಸುಮ್ನಿರಬೇಕಿತ್ತು!"

"ನಾನು ಮಾಡಿದ ಕೆಲಸ ಅದು. ಕೇಳಿದೋರಿಗೆ ತೋರಿಸ್ದೆ. ಅದರಲ್ಲಿ ಬಚ್ಚಿಡೋದು ಏನಿದೆ?"

"ರೀ, ಸಾಕು ಮಾಡಿ" ಎಂದಳು ಸೊಸೆ. "ಮಾವನ ಮೇಲೆ ಯಾಕೆ ಹಾರ್ತೀರ? ಕಾಗದ ಬರೆದೋರು ಅವರಲ್ಲ." ಹಾಗೆಂದವಳು ಒಳಗೆ ಹೋಗಿ ಪಾತ್ರೆ ತೊಳೆಯಲು ನಿಂತಳು. ಕೈ ನೊರೆಯಲ್ಲಿತ್ತು, ಕಣ್ಣು ಎದುರಿನ ಗೋಡೆಯ ಮೇಲಿತ್ತು. ಆ ಹಸಿರು ಗೆರೆಯ ಟೈಲ್ಸಿನ ಪೆಟ್ಟಿಗೆಯನ್ನು ಅವಳೇ, ಬಸುರಿಯಾಗಿದ್ದಾಗ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ನಮ್ಮ ಕೈಗೆ, ಮೊಸರು ಅವರ ಬಾಯಿಗೆ ಎಂದುಕೊಂಡಾಗ ಕೈಯಲ್ಲಿದ್ದ ತಟ್ಟೆ ಜಾರಿ ಸದ್ದಾಯಿತು.

ಮುಂದಿನ ಎರಡು ಭಾನುವಾರ ಗಂಡ ಹೆಂಡತಿ ಬೇರೆ ಮನೆ ಹುಡುಕಿದರು. ಆಸ್ಪತ್ರೆಯ ಸುತ್ತಮುತ್ತ ಈಗ ಕೊಡುತ್ತಿದ್ದ ಬಾಡಿಗೆಗೆ ಸಿಕ್ಕಿದ್ದೆಂದರೆ ನೆಲಮಾಳಿಗೆಯ ಒಂದು ಕೋಣೆ. ಗೋಡೆಗೆ ಕೈಯಿಟ್ಟರೆ ಬೆರಳು ಒದ್ದೆಯಾಗುತ್ತಿತ್ತು. ತೋರಿಸಲು ಬಂದ ಹೆಂಗಸು "ಬೇಸಿಗೇಲಿ ತಂಪಾಗಿರುತ್ತೆ" ಎಂದಳು. "ಹೌದಮ್ಮ, ಮೀನಿಗೆ" ಎಂದ ಡ್ರೈವರ್. ದಾರಿಯುದ್ದಕ್ಕೂ ಇಬ್ಬರೂ ಅದನ್ನೇ ನೆನೆಸಿಕೊಂಡು ನಗುತ್ತ ಬಂದರು. ಮನೆಯ ಮೆಟ್ಟಿಲು ಹತ್ತುವಾಗ ನಗು ನಿಂತುಹೋಯಿತು.

ಡ್ರೈವರ್ ವಾರದ ರಜೆಯ ದಿನವೂ ಗಾಡಿ ಓಡಿಸಲು ಹೆಸರು ಕೊಟ್ಟ. ಊಟದಲ್ಲಿ ಮೊಟ್ಟೆ ದಿನ ಬಿಟ್ಟು ದಿನವಾಯಿತು. ಚೂಟಿ "ನಾನು ಕಾಲೇಜು ಒಂದು ವರ್ಷ ಬಿಟ್ಟು ಎಲ್ಲಾದ್ರೂ ಕೆಲಸಕ್ಕೆ ಹೋಗ್ಲಾ?" ಎಂದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ಬಾಯಲ್ಲಿ "ಬಾಯ್ಮುಚ್ಚು" ಎಂದರು. ಎಷ್ಟೋ ದಿನಕ್ಕೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಮೂರನೆಯ ವಾರ ಮೇಸ್ತ್ರಿ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಯಜಮಾನರನ್ನು ನೋಡಲು ಹೊರಟರು. ಹತ್ತಕ್ಕೆ ಹೋದವರು ಬಂದಿದ್ದು ಮೂರೂವರೆಗೆ. ಕೆಲಸ ಮುಗಿಸಿ ಬಂದಿದ್ದ ಸೊಸೆ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರು ಮಾವ?"

"ತುಂಬಾ ಚೆನ್ನಾಗಿ ಮಾತಾಡಿಸಿದ್ರಮ್ಮ. ಒಳಗೆ ಕೂರಿಸಿ ಚಹಾ ಕೊಟ್ರು. ಬಿಸ್ಕತ್ತೂ ಕೊಟ್ರು."

"ಬಾಡಿಗೆ ವಿಚಾರ?"

"ಎಲ್ಲಾ ಜ್ಞಾಪಕ ಇದೆ ಅವರಿಗೆ. 'ನಿನ್ನ ಕೈ ಹಿಡಿದು ಹೇಳಿದ್ದೆ ಅಲ್ವೇನೋ ಮೇಸ್ತ್ರಿ' ಅಂತ ಅವರೇ ಅಂದ್ರು. ಈಗ ವ್ಯವಹಾರ ಎಲ್ಲಾ ಮಗಳ ಕೈಲಿದೆ, ಆದ್ರೂ ಒಂದು ಮಾತು ಹೇಳ್ತೀನಿ ಅಂದ್ರು."

"ಅಷ್ಟು ಮಾತಿಗೆ ಐದೂವರೆ ಗಂಟೆ ಬೇಕಾಯ್ತಾ?"

ಮೇಸ್ತ್ರಿ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದರು. "ಅವರ ಬಚ್ಚಲಲ್ಲಿ ನಾಲ್ಕು ಟೈಲ್ಸ್ ಎದ್ದಿದ್ವಮ್ಮ. ಕಾಲಿಗೆ ತಗುಲುತ್ತೆ, ವಯಸ್ಸಾದೋರು, ಬಿದ್ದುಗಿದ್ದಾರು ಅಂತ..."

"ಮಾವ!"

"ನಾಲ್ಕೇ ಟೈಲ್ಸ್. ಅವರ ಮನೇಲೇ ಸಿಮೆಂಟ್ ಇತ್ತು."

ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ನಮ್ಮನ್ನ ಬೀದಿಗೆ ಹಾಕ್ತಿರೋರು ಅವರು. ಹೋಗಿ ಅವರ ಬಚ್ಚಲು ರಿಪೇರಿ ಮಾಡಿ ಬಂದ್ರಾ? ಕೂಲಿ ಏನು, ಆ ಬಿಸ್ಕತ್ತಾ?"

"ಹಾಗನ್ಬೇಡಮ್ಮ. ಕಣ್ಣಿಗೆ ಬಿದ್ದ ಮೇಲೆ ಬಿಟ್ಟು ಬರೋಕಾಗುತ್ತಾ?"

"ನನಗೆ ಆಗುತ್ತೆ" ಎಂದಳು ಸೊಸೆ.

ಆಮೇಲೆ ಮೇಸ್ತ್ರಿಗೆ ಪಾರ್ಕಿನ ಹುಚ್ಚು ಹಿಡಿಯಿತು. ಬೆಳಗ್ಗೆ ಎಲ್ಲರೂ ಹೊರಟ ಮೇಲೆ ತಾವೂ ಹೊರಡುವುದು, ಮಧ್ಯಾಹ್ನ ಬರುವುದು. "ಡಾಕ್ಟ್ರು ನಡೀಬೇಕು ಅಂದಿದಾರೆ" ಎನ್ನುತ್ತಿದ್ದರು. ನಡೆಯುವುದಕ್ಕೆ ಹೋದ ಮನುಷ್ಯ ಸಂಜೆ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ರಾತ್ರಿ ಊಟ ಮಾಡುವಾಗ ಕುರ್ಚಿಯಿಂದ ಏಳಲು ಚೂಟಿಯ ಭುಜ ಬೇಕಾಯಿತು.

"ತಾತ ಪಾರ್ಕಲ್ಲಿ ಯಾವುದೋ ಅಜ್ಜಿ ಹಿಂದೆ ಓಡ್ತಿರಬೇಕಮ್ಮ" ಎಂದಳು ಚೂಟಿ.

"ಓಡೋ ಹಾಗಿದ್ರೆ ನಿನ್ನ ಹತ್ರ ಯಾಕೆ ಇರ್ತಿದ್ದೆ?" ಎಂದರು ತಾತ.

ಸೊಸೆ ಭಾನುವಾರ ಬಟ್ಟೆ ಒಗೆಯಲು ಕೂತಾಗ ಮೇಸ್ತ್ರಿಯ ಪ್ಯಾಂಟನ್ನು ಕೈಗೆತ್ತಿಕೊಂಡಳು. ಹದಿನಾಲ್ಕು ವರ್ಷದಿಂದ ದಿನಕ್ಕೆ ನೂರಾರು ಬಟ್ಟೆಗಳ ಕಲೆ ಓದುತ್ತ ಬಂದವಳು ಅವಳು. ರಕ್ತ ಯಾವುದು, ಔಷಧಿ ಯಾವುದು, ಸಾರು ಯಾವುದು ಎಂದು ದೂರದಿಂದಲೇ ಹೇಳಬಲ್ಲಳು. ಮೊದಲು ಮಂಡಿಯ ಜಾಗ ನೋಡಿದಳು. ಹುಲ್ಲಿನ ಹಸಿರಿಲ್ಲ, ಮಣ್ಣಿನ ಕೆಂಪಿಲ್ಲ. ಬೂದು ಬಣ್ಣದ ಎರಡು ಗುಂಡನೆಯ ಗುರುತು. ಪ್ಯಾಂಟಿನ ಅಂಚನ್ನು ಮಡಿಚಿ ಉಗುರಿನಲ್ಲಿ ಕೆರೆದಳು. ಬಿಳಿ ಸಿಮೆಂಟಿನ ಪುಡಿ ಕೈಗೆ ಬಂತು. ಅದೂ ಒಂದು ದಿನದ್ದಲ್ಲ, ಪದರ ಪದರವಾಗಿ ಕೂತಿದ್ದು.

ಮರುದಿನ ಲಾಂಡ್ರಿಯಲ್ಲಿ ಅರ್ಧ ದಿನ ರಜೆ ಹೇಳಿ, ಎದುರು ಅಂಗಡಿಯ ಮರೆಯಲ್ಲಿ ನಿಂತಳು. ಮೇಸ್ತ್ರಿ ಮೆಟ್ಟಿಲಿಳಿದು ಪಾರ್ಕಿನ ಕಡೆ ತಿರುಗದೆ ಹಿಂದಿನ ಬೀದಿಗೆ ಹೋದರು. ಅಲ್ಲಿ ಯಜಮಾನರದೇ ಇನ್ನೊಂದು ಕಟ್ಟಡವಿತ್ತು. ಎರಡನೆಯ ಮಹಡಿಯ ಖಾಲಿ ಮನೆಯ ಬಾಗಿಲು ತೆರೆದಿತ್ತು. ಸೊಸೆ ಒಳಗೆ ಹೋದಾಗ ಮೇಸ್ತ್ರಿ ಮಡಿಸಿದ ಗೋಣಿಚೀಲದ ಮೇಲೆ ಮಂಡಿಯೂರಿ, ರಸಮಟ್ಟ ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಪಾರ್ಕು ಚೆನ್ನಾಗಿದೆ ಮಾವ" ಎಂದಳು.

ಮೇಸ್ತ್ರಿ ತಿರುಗಲಿಲ್ಲ. ಕರಣೆಯನ್ನು ನೀರಿನ ಡಬ್ಬದಲ್ಲಿ ಅದ್ದಿ ಒರೆಸಿದರು. "ಬೈಬೇಡಮ್ಮ. ಮೊದಲು ಪೂರ್ತಿ ಕೇಳು. ಯಜಮಾನರು ಮಾತಾಡಿದಾರೆ. ಅವರ ಮಗಳು ನನ್ನ ಕರೆಸಿದ್ರು. ಮೂರು ಖಾಲಿ ಮನೆ ಇದಾವೆ, ಮೂರು ಬಚ್ಚಲು. ಸಾಮಾನು ಅವರದು, ಕೆಲಸ ನಂದು. ಮಾಡಿಕೊಟ್ರೆ ಬಾಡಿಗೆ ಮೊದಲಿನ ಹಾಗೇ, ನೂರಕ್ಕೆ ಐದು. ಇದು ಮೂರನೇದು. ಇನ್ನು ಐದಾರು ದಿನ ಅಷ್ಟೆ."

"ಕೂಲಿ ಇಲ್ಲದೆ?"

"ಕೂಲಿ ಬಾಡಿಗೇಲಿ ಬರುತ್ತಲ್ಲಮ್ಮ."

"ಪತ್ರ ಎಲ್ಲಿ?"

ಮೇಸ್ತ್ರಿ ರಸಮಟ್ಟವನ್ನು ಪಕ್ಕದ ಟೈಲ್ಸಿನ ಮೇಲೆ ಸರಿಸಿಟ್ಟರು.

"ಪತ್ರ ಎಲ್ಲಿ ಮಾವ? ಅತ್ತೆ ಅವತ್ತು ಬಡ್ಕೊಂಡ್ರು. ಹದಿನೆಂಟು ವರ್ಷ ಆದ್ಮೇಲೂ ಅದೇ ಹಳ್ಳಕ್ಕೆ ಬಿದ್ರಾ?"

"ಏನಂದ್ರು ಗೊತ್ತಾ? 'ನಿಮ್ಮಂಥ ಕೈ ಈಗ ಎಲ್ಲೂ ಸಿಗಲ್ಲ' ಅಂದ್ರು. ಅಷ್ಟು ಹೇಳಿದೋರ ಹತ್ರ ಕಾಗದ ಕೇಳೋಕೆ ನಾಲಿಗೆ ಏಳಲಿಲ್ಲ."

ಸೊಸೆಗೆ ಕಿರುಚಬೇಕೆನಿಸಿತು. ಮೇಸ್ತ್ರಿಯ ಮಂಡಿ ನೋಡಿ ಕಿರುಚಲಿಲ್ಲ. ಅದಕ್ಕಿಂತ ಕೆಟ್ಟದ್ದೊಂದು ನಡೆಯಿತು. ಆ ದಿನ ಸಂಜೆ ಗಂಡನಿಗೆ ಎಲ್ಲ ಹೇಳಿದಾಗ ಅವನು "ಹೇಗೂ ಎರಡು ಮುಗ್ದಿದೆ. ಮೂರನೇದೂ ಮುಗಿಸಿಬಿಡ್ಲಿ. ಐದೇ ಆಗ್ಬಹುದೇನೋ" ಎಂದ. ಅವಳು "ಬೇಡ" ಎನ್ನಲಿಲ್ಲ. ಆಸ್ಪತ್ರೆಯಿಂದ ನೋವಿನ ಮುಲಾಮು ತಂದು ಮಾವನ ಮಂಡಿಗೆ ತಿಕ್ಕಿದಳು. ಎಪ್ಪತ್ತೊಂದು ವರ್ಷದ ಮಂಡಿಯನ್ನು ಒತ್ತೆಯಿಟ್ಟು ಬಾಡಿಗೆ ಉಳಿಸಿಕೊಳ್ಳಲು ತಾನೂ ಒಪ್ಪಿದೆನಲ್ಲ ಎಂಬುದು ಅವಳಿಗೆ ತಿಕ್ಕುವಾಗಲೆಲ್ಲ ಹೊಳೆಯುತ್ತಿತ್ತು. ಆದರೂ ತಿಕ್ಕಿದಳು.

ನಾಲ್ಕನೆಯ ದಿನ ಹೊಸ ಕರಾರು ಪತ್ರ ಬಂತು. ಸಹಿ ಹಾಕಿ ಕಳಿಸಿ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. ಚೂಟಿ ಎರಡು ಸಲ ಓದಿದಳು. ನೂರಕ್ಕೆ ಮೂವತ್ತೆಂಟು.

ಸೊಸೆ ಪತ್ರ ಹಿಡಿದುಕೊಂಡು ನೇರ ಯಜಮಾನರ ಮಗಳ ಆಫೀಸಿಗೆ ಹೋದಳು. ಗಾಜಿನ ಮೇಜು, ಗಾಜಿನ ಬಾಗಿಲು, ಮೂಲೆಯಲ್ಲೊಂದು ಪ್ಲಾಸ್ಟಿಕ್ ಗಿಡ. ಆಕೆ ಎದ್ದು ನಿಂತು ಕುರ್ಚಿ ತೋರಿಸಿದಳು. ಬಯ್ಯಲು ಬಂದವರಿಗೆ ಕುರ್ಚಿ ಕೊಡುವುದೂ ಒಂದು ವಿದ್ಯೆ.

"ಮೇಸ್ತ್ರಿಗಳು ಹೇಗಿದಾರೆ? ತುಂಬಾ ಒಳ್ಳೆ ಮನುಷ್ಯ."

"ಒಳ್ಳೆಯವರೇ. ಅದಕ್ಕೇ ಈ ಗತಿ. ಇದರಲ್ಲಿ ಮೂವತ್ತೆಂಟು ಅಂತಿದೆ. ನೀವು ಅವರಿಗೆ ಐದು ಅಂದಿದ್ರಂತೆ."

"ನಾನು ನೋಡೋಣ ಅಂದಿದ್ದೆ. ಐದು ಅಂತ ಅವರೇ ಹೇಳಿದ್ರು. ನಾನು 'ನೋಡೋಣ' ಅಂದೆ. ನೋಡಿದೆ, ಲೆಕ್ಕ ಕೂಡಿ ಬರಲ್ಲ."

"ಮೂರು ಬಚ್ಚಲು ಮಾಡಿಸ್ಕೊಳ್ಳೋವಾಗ ಲೆಕ್ಕ ಕೂಡಿ ಬಂತಾ?"

"ಅವರಾಗೇ ಸಹಾಯ ಮಾಡ್ತೀನಿ ಅಂದ್ರು. ಮನೇಲಿ ಕೂತು ಬೇಜಾರು ಅಂತ. ನಾನು ಒತ್ತಾಯ ಮಾಡಿದ್ನಾ?"

"ನಿಮ್ಮ ತಂದೆ ಕೈ ಹಿಡಿದು ಕೊಟ್ಟ ಮಾತು ಅದು."

"ಅದು ಅಪ್ಪನ ಕಾಲ. ಆಗ ಯಾವುದಕ್ಕೂ ಕಾಗದ ಇರಲಿಲ್ಲ. ಈಗ ನೋಡಿ, ಅಷ್ಟು ಚೆನ್ನಾಗಿರೋ ಅಡುಗೆಮನೆ, ಬಚ್ಚಲು. ಇನ್ನೊಬ್ಬರು ಇನ್ನೂ ಜಾಸ್ತಿ ಕೊಡ್ತಾರೆ. ನಿಮಗೆ ಅಂತ ಮೂವತ್ತೆಂಟಕ್ಕೆ ನಿಲ್ಸಿದೀನಿ."

"ಆ ಅಡುಗೆಮನೆ ನಾವು ಮಾಡ್ಸಿದ್ದು."

"ಗೋಡೆಗೆ ಅಂಟಿದ್ದು ಗೋಡೆಯವರದ್ದು ಕಣಮ್ಮ. ಕಾನೂನು ಹಾಗೇ ಇದೆ."

"ಹಾಗಾದ್ರೆ ನಮ್ಮ ಮಾವನ ಮಂಡಿ ಯಾರದ್ದು? ಅದೂ ನಿಮ್ಮ ನೆಲಕ್ಕೇ ಅಂಟಿದೆಯಲ್ಲ."

ಆಕೆ ಫೋನು ನೋಡಿಕೊಂಡಳು. "ಒಂದನೇ ತಾರೀಖು ಆ ಮೂರನೇ ಮನೆಗೆ ಜನ ಬರ್ತಿದಾರೆ. ಕೆಲಸ ನಿಲ್ಲಿಸ್ಬೇಡಿ ಅಂತ ಮೇಸ್ತ್ರಿಗಳಿಗೆ ಹೇಳ್ಬಿಡಿ, ಪ್ಲೀಸ್."

ಸೊಸೆ ಮನೆಗೆ ಬಂದಾಗ ಅವಳ ಕಿವಿ ಕಾದಿತ್ತು. ಹೇಳಬೇಕಾದದ್ದನ್ನೆಲ್ಲ ನಿಂತುಕೊಂಡೇ ಹೇಳಿದಳು. ಡ್ರೈವರ್ ಗೋಡೆಗೆ ಗುದ್ದಲು ಕೈಯೆತ್ತಿ, ಅದು ಅಪ್ಪ ಕೂರಿಸಿದ ಟೈಲ್ಸ್ ಎಂದು ಕಂಡು ಕೈ ಇಳಿಸಿದ.

"ನಾಳೆಯಿಂದ ಅಲ್ಲಿಗೆ ಕಾಲಿಡಬೇಡಿ ಅಪ್ಪ. ಅರ್ಧಂಬರ್ಧ ಬಿದ್ದಿರಲಿ. ಒಂದನೇ ತಾರೀಖು ಬರೋರಿಗೆ ಅವಳೇ ಉತ್ತರ ಹೇಳ್ಕೊಳ್ಳಲಿ."

ಮೇಸ್ತ್ರಿ ತಟ್ಟೆ ಮುಂದಿಟ್ಟುಕೊಂಡು ಆಲೂಗಡ್ಡೆಯನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತಿದ್ದರು. "ಸಂದು ತುಂಬಿಲ್ಲ" ಎಂದರು.

"ಏನು?"

"ಟೈಲ್ಸ್ ಕೂರಿಸಿದೀನಿ, ಸಂದು ತುಂಬಿಲ್ಲ. ಹಾಗೇ ಬಿಟ್ಟು ಯಾರಾದ್ರೂ ನೀರು ಸುರಿದ್ರೆ ಎಲ್ಲಾ ಕೆಳಗಿನ ಮನೆಗೆ ಇಳಿಯುತ್ತೆ. ಕೆಳಗೆ ಒಬ್ಬ ಹೆಂಗಸು ಹೊಲಿಗೆ ಹಾಕಿ ಜೀವನ ಮಾಡ್ತಾಳೆ. ಅವಳ ಮಿಷನ್ನು ಸರಿಯಾಗಿ ಬಚ್ಚಲ ಕೆಳಗೇ ಇದೆ. ನನಗೆ ದಿನಾ ಕುಡಿಯೋಕೆ ನೀರು ತಂದ್ಕೊಡ್ತಿದ್ಲು."

"ಅವಳಿಗೂ ಬಾಡಿಗೆ ಏರುತ್ತೆ ಅಪ್ಪ, ನೀವು ಸೋರದ ಹಾಗೆ ಮಾಡಿದ್ರೆ!"

"ಏರಲಿ ಬಿಡಲಿ, ಅವಳ ಬಟ್ಟೆ ಮೇಲೆ ಕೊಳಕು ನೀರು ನನ್ನ ಕೈಯಿಂದ ಬೀಳೋದು ಬೇಡ. ಎರಡು ದಿನದ ಕೆಲಸ."

"ನಿಮ್ಮ ತಲೆ ಕೆಟ್ಟಿದೆ!" ಎಂದು ಡ್ರೈವರ್ ಊಟ ಬಿಟ್ಟು ಎದ್ದ.

ಸೊಸೆ ಗಂಡನ ತಟ್ಟೆ ಮುಚ್ಚಿಟ್ಟಳು. ಅವಳಿಗೂ ಮಾವನ ಮೇಲೆ ಸಿಟ್ಟು ಉಕ್ಕುತ್ತಿತ್ತು. ಆದರೆ ಕಲೆಯಾದ ಬಟ್ಟೆಯ ಮುಂದೆ ಕೂತ ಹೆಂಗಸನ್ನು ಅವಳು ಕಣ್ಣ ಮುಂದೆ ತಂದುಕೊಳ್ಳಬಲ್ಲವಳಾಗಿದ್ದಳು.

"ಮುಗಿಸಿ ಮಾವ" ಎಂದಳು. "ಮುಗಿಸಿ. ಆದ್ರೆ ಇದು ಸಹಾಯ ಅಲ್ಲ, ಕೂಲಿ. ಚೂಟಿ, ಪುಸ್ತಕ ತಗೊಂಡು ಬಾ. ತಾತ ಯಾವತ್ತಿಂದ ಹೋಗಿದಾರೆ, ಒಂದೊಂದು ಬಚ್ಚಲಿಗೆ ಎಷ್ಟು ದಿನ, ಎಲ್ಲಾ ಬರಿ."

"ಒಬ್ಬ ಟೈಲ್ಸ್ ಮೇಸ್ತ್ರಿಗೆ ಈಗ ದಿನಕ್ಕೆ ಎಷ್ಟು ಕೂಲಿ ತಾತ?"

"ನನ್ನ ಕಾಲದ್ದು ಗೊತ್ತು..."

"ನಿಮ್ಮ ಕಾಲದ್ದು ಬೇಡ ಮಾವ. ಅವರೇ ಹೇಳ್ತಾರಲ್ಲ, ಮಾರುಕಟ್ಟೆ ದರ."

ಮರುದಿನ ಸೊಸೆ ಲಾಂಡ್ರಿ ಮುಗಿಸಿ ನೇರ ಆ ಮನೆಗೆ ಹೋದಳು. ಮೇಸ್ತ್ರಿ ಹೇಳಿದಷ್ಟು ನೀರು ಹಾಕಿ ಬಿಳಿ ಸಿಮೆಂಟು ಕಲಸಿಕೊಟ್ಟಳು, ತುಂಬಿದ ಸಂದುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. "ಅಡ್ಡಕ್ಕೆ ಒರೆಸಬೇಡ, ಕಿತ್ಕೊಂಡು ಬರುತ್ತೆ, ಓರೆ ಒರೆಸು" ಎಂದು ಮಾವ ಗದರಿದರು. ಗದರುವಾಗ ಅವರ ದನಿ ಮೊದಲಿನ ಮೇಸ್ತ್ರಿಯದಾಗಿತ್ತು. ಚೂಟಿ ಮೂರು ಮನೆಗೂ ಹೋಗಿ ಗೋಡೆ, ನೆಲ, ಮೋರಿ ಎಲ್ಲದರ ಫೋಟೋ ತೆಗೆದಳು, ತಾತನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು.

ಹದಿನೆಂಟು ದಿನದ ಕೂಲಿ ಒಂದು ತಿಂಗಳ ಬಾಡಿಗೆಗಿಂತ ತುಸು ಜಾಸ್ತಿಯೇ ಆಯಿತು. ಬಿಲ್ಲಿನ ಕೆಳಗೆ ಮೇಸ್ತ್ರಿ ಸಹಿ ಹಾಕಬೇಕಿತ್ತು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಯಜಮಾನರಿಗೆ ಬೇಜಾರಾಗುತ್ತೇನೋ."

"ಆಗಲಿ ಮಾವ" ಎಂದಳು ಸೊಸೆ. "ಒಂದ್ಸಲ ಅವರಿಗೂ ಆಗಲಿ."

ಮೇಸ್ತ್ರಿ ಸಹಿ ಹಾಕಿದರು. ಕರಾರು ಪತ್ರಕ್ಕೆ ಯಾರೂ ಸಹಿ ಹಾಕಲಿಲ್ಲ. ಕೊನೆಯ ತಿಂಗಳ ಬಾಡಿಗೆಯ ಬದಲು ಆ ಬಿಲ್ಲು ಆಫೀಸಿಗೆ ಹೋಯಿತು.

ಮನೆ ಸಿಕ್ಕಿದ್ದು ಬಸ್ಸು ನಿಲ್ಲುವ ಕಟ್ಟಕಡೆಯ ಸ್ಟಾಪಿನಲ್ಲಿ. ಎರಡು ಕೋಣೆ. ಆಸ್ಪತ್ರೆಗೆ ಒಂದೂಕಾಲು ಗಂಟೆ. ಆರಕ್ಕೆ ಲಾಂಡ್ರಿ ಸೇರಬೇಕಾದರೆ ಸೊಸೆ ನಾಲ್ಕಕ್ಕೆ ಏಳಬೇಕು. ಚೂಟಿಗೆ ಎರಡು ಬಸ್ಸು. ಬಾಡಿಗೆ ಹಳೆಯ ಮನೆಗೆ ಕೊಡುತ್ತಿದ್ದಷ್ಟೇ. ಡ್ರೈವರ್ ಡಿಪೋದ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದು ಮೂರನೇ ಮಹಡಿಯಿಂದ ಸಾಮಾನು ಇಳಿಸಿದ. ಮಂಚ, ಪಾತ್ರೆ, ಪುಸ್ತಕ, ಬಟ್ಟೆಗಂಟು ಎಲ್ಲ ಗಾಡಿಗೆ ಹೋದವು. ಗೋಡೆಗೆ ಅಂಟಿದ್ದು ಗೋಡೆಯಲ್ಲೇ ಉಳಿಯಿತು.

ಬೀಗದ ಕೈ ತೆಗೆದುಕೊಳ್ಳಲು ಯಜಮಾನರ ಮಗಳೇ ಬಂದಳು. ಕೈಯಲ್ಲಿ ಬಿಲ್ಲು ಇತ್ತು.

"ಇದೇನಮ್ಮ ಇದು? ಬಾಡಿಗೆ ಕೊಡದೆ ಬಿಲ್ಲು ಕಳಿಸಿದೀರ! ಇದಕ್ಕೆ ನಾನು ಕೋರ್ಟಿಗೆ ಹೋಗ್ಬಹುದು ಗೊತ್ತಾ?"

"ಹೋಗಿ" ಎಂದಳು ಸೊಸೆ. "ಮೂರು ಬಚ್ಚಲು ಯಾರು ಕಟ್ಟಿದ್ದು ಅಂತ ಕೇಳ್ತಾರೆ. ಎಪ್ಪತ್ತೊಂದು ವರ್ಷದ ಮನುಷ್ಯ ಮಂಡಿ ಊರಿ ಕಟ್ಟಿದ್ರು, ಕೂಲಿ ಕೊಡಲಿಲ್ಲ ಅಂತ ಹೇಳಿ. ಫೋಟೋ ನಾವು ಕೊಡ್ತೀವಿ."

"ಅದರಲ್ಲೂ ಬಾಡಿಗೆಗಿಂತ ಜಾಸ್ತಿ ಬರೆದಿದೀರ."

"ಜಾಸ್ತಿ ಇದ್ದಿದ್ದು ಬಿಟ್ಟಿದೀವಿ. ನಿಮ್ಮ ಹಾಗೆ ನಾವೂ ನೋಡೋಣ ಅಂದ್ವಿ, ನೋಡಿ ಬಿಟ್ವಿ."

ಆಕೆಯ ಮುಖ ಕೆಂಪಾಯಿತು. ಅಡುಗೆಮನೆಗೆ ಹೋಗಿ, ಬಚ್ಚಲಿಗೆ ಹೋಗಿ, ಏನಾದರೂ ಒಡೆದಿದೆಯೇ ಎಂದು ಹುಡುಕಿದಳು. ಒಂದು ಟೈಲ್ಸೂ ಅಲುಗಿರಲಿಲ್ಲ. ಸೊಸೆ ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟಳು. ಮೇಸ್ತ್ರಿ ಕಂಬಿ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಮೊಮ್ಮಗಳ ಭುಜದ ಮೇಲೆ ಭಾರ ಹಾಕಿ ಇಳಿದರು. ಕೆಳಗೆ ಕಾರಿನಲ್ಲಿ ಯಜಮಾನರು ಕೂತಿದ್ದರು. ಗಾಜು ಏರಿಸಿತ್ತು. ಮೇಸ್ತ್ರಿ ಅಭ್ಯಾಸಬಲದಿಂದ ಕೈಯೆತ್ತಿದರು. ಯಜಮಾನರೂ ಒಳಗಿನಿಂದ ಕೈಯೆತ್ತಿದರು. ಗಾಜು ಇಳಿಯಲಿಲ್ಲ.

ಮುಂದಿನ ವಾರ ಆ ಮನೆಗೆ ಹೊಸಬರು ಬಂದರು, ನೂರಕ್ಕೆ ನಲವತ್ತೈದು ಹೆಚ್ಚಿಗೆ ಕೊಟ್ಟು.

ಮೇಸ್ತ್ರಿ ಇರುವವರೆಗೆ ಬಾಡಿಗೆ ನೂರಕ್ಕೆ ಐದರ ಮೇಲೆ ಏರಿಸುವುದಿಲ್ಲ ಎಂದು ಯಜಮಾನರು ಮಾತು ಕೊಟ್ಟಿದ್ದರು. ಮೇಸ್ತ್ರಿ ಇದ್ದಾರೆ. ಯಜಮಾನರೂ ಇದ್ದಾರೆ. ಮಾತು ಉಳಿಯಲಿಲ್ಲ.